ದಾರಕ್ಕೂ ದಾರಕ್ಕೂ ನಡುವಿನ ನಾಲ್ಕು ದಿನ

ಬೆಲೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾಲು ತೋರಿಸುತ್ತೇನೆ. ಎರಡು ವರ್ಷ ಮುಟ್ಟದೆ ಇದ್ದವನು ಆ ಆಷಾಢದಲ್ಲಿ, ನಮ್ಮ ಲೆಕ್ಕದ ಆಡಿ ತಿಂಗಳಲ್ಲಿ, ಮತ್ತೆ ಕುಡಿದದ್ದಕ್ಕೆ ನಾನು ತೆತ್ತದ್ದು ಇಷ್ಟು: ಮುಂದಿನ ಒಂದು ಹಲ್ಲು, ಎರಡು ಸಾಲು ದ್ರಾಕ್ಷಿ ಬಳ್ಳಿಯ ಒಂದು ಬೆಳೆ, ಬರೀ ಬಾಯಿಮಾತಿನ ಮೇಲೆ ನನಗೆ ತೋಟ ಬಿಡುತ್ತಿದ್ದ ಮೂವರು ರೈತರು, ಮತ್ತು ನನ್ನ ಹೆಂಡತಿ ಈಶ್ವರಿ ನನ್ನ ಜೊತೆ ಮನೆಮಾತು ಆಡದೆ ಕಳೆದ ಮೂವತ್ತೊಂದು ದಿನ. ಯಾಕೆ ತೆತ್ತೆ ಎಂದು ಕೇಳಿದರೆ ಅರ್ಧ ಹೇಳಬಲ್ಲೆ. ಇನ್ನರ್ಧ ಈಗಲೂ ಗೊತ್ತಿಲ್ಲ. ಯಾವ ಸರಕಿಗೆ ಯಾಕೆ ಆ ಬೆಲೆ ಎಂದು ನಿದ್ದೆಗಣ್ಣಲ್ಲೂ ಹೇಳುವ ಮನುಷ್ಯ ನಾನು. ಇದೊಂದಕ್ಕೆ ಲೆಕ್ಕ ಸಿಕ್ಕಿಲ್ಲ.

ಕಳೆದ ತಿಂಗಳು ಗೋದಾಮಿಗೆ ಬೀಗ ತರಲು ದಿಂಡಿಗಲ್ಲಿಗೆ ಹೋಗಿದ್ದೆ. ಕಿಟಕಿಯ ಪಕ್ಕ ಕೂತಿದ್ದೆ. ಬಸ್ಸು ಊರೊಳಗೆ ತಿರುಗುವ ಹೊತ್ತಿಗೆ ತೊಗಲು ಹದ ಮಾಡುವ ಕಡೆಯಿಂದ ಗಾಳಿ ಬೀಸಿತು. ಪಕ್ಕದವರು ಮುಖ ಸಿಂಡರಿಸಿ ಕರವಸ್ತ್ರ ತೆಗೆದರು. ನನಗೆ ಮಾತ್ರ ಬಾಯಲ್ಲಿ ರಾಗಿ ಗಂಜಿಯ ರುಚಿ ಬಂತು, ಬೆಳಿಗ್ಗೆ ಆರಕ್ಕೆ ಹೊಡೆಯುವ ಗಂಟೆ ಕೇಳಿತು. ಆ ವಾಸನೆಯ ನಡುವೆ ನಾನು ಇಪ್ಪತ್ತೊಂದು ದಿನ ಇದ್ದವನು. ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದೂ ತಿಳಿಯಲಿಲ್ಲ.

ನಮ್ಮವರು ತಮಿಳುನಾಡಿನ ಈ ಕಂಬಂ ಕಣಿವೆಗೆ ಎಂದು ಬಂದರೋ ನನ್ನ ಅಜ್ಜನ ಅಜ್ಜನಿಗೂ ಗೊತ್ತಿರಲಿಲ್ಲ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ, ಮೈಸೂರಿನ ಹಣ್ಣಿನ ಮಂಡಿಗೆ ಲೋಡು ಕಳಿಸುವಾಗ, ಲಾರಿ ಚೀಟಿ ಓದಿ ಓದಿ. ಈ ಕಣಿವೆಯ ಗೂಡಲೂರಿನಲ್ಲಿ ನಮಗೆ ಒಂದು ಎಕರೆ ದ್ರಾಕ್ಷಿ ಇದೆ. ಹೊಟ್ಟೆಪಾಡು ಅದರದ್ದಲ್ಲ, ಬೇರೆಯವರ ತೋಟದಲ್ಲಿ ಚಪ್ಪರದ ಕೆಳಗೆ ಒಂದು ಸುತ್ತು ನಡೆದು, ಗೊಂಚಲು ಕಣ್ಣಲ್ಲೇ ತೂಗಿ, ಬಳ್ಳಿಯಲ್ಲಿದ್ದ ಹಾಗೇ ಹಣ್ಣು ಹಿಡಿಯುವುದು ನನ್ನ ಕಸುಬು. ಕೂಲಿಯಿಂದ ಶುರು ಮಾಡಿ ಇಲ್ಲಿಗೆ ಬಂದೆ. ನಾನು ಮಾತಾಡಿ ಮುರಿಸದ ಬೆಲೆ ಈ ಕಣಿವೆಯಲ್ಲಿ ಇಲ್ಲ ಎಂಬ ಜಂಬವೂ ಇತ್ತು.

ಆ ಜಂಬ ದೇವರ ಮುಂದೆಯೂ ಸುಮ್ಮನಿರಲಿಲ್ಲ. ನಮ್ಮ ಕಡೆ ಕುಡಿತ ಬಿಡುವವರು ಊರಾಚೆಯ ಕಾವಲು ದೇವರ ಗುಡಿಗೆ ಹೋಗಿ ದಾರ ಕಟ್ಟಿಸಿಕೊಳ್ಳುತ್ತಾರೆ. ತಲೆಗೆ ನೀರು ಹಾಕಿಕೊಂಡು, ಕರ್ಪೂರ ಹಚ್ಚಿ, ಇಷ್ಟು ತಿಂಗಳು ಮುಟ್ಟುವುದಿಲ್ಲ ಎಂದು ಮಾತು ಕೊಡಬೇಕು. ಪೂಜಾರಿ ಮಣಿಕಟ್ಟಿಗೆ ದಾರ ಸುತ್ತುತ್ತಾನೆ. ದಾರ ಇರುವವನ ಕೈಗೆ ಮದುವೆಮನೆಯಲ್ಲೂ ಯಾರೂ ಲೋಟ ಕೊಡುವುದಿಲ್ಲ. ಎಂಥ ಪೋಲಿಯೂ ಒತ್ತಾಯ ಮಾಡುವುದಿಲ್ಲ. ಅದು ಆ ದಾರದ ಶಕ್ತಿ, ನಾನು ಸುಳ್ಳು ಹೇಳುವುದಿಲ್ಲ.

ಮೊದಲ ಸಲ ಈಶ್ವರಿಯೇ ನನ್ನನ್ನು ಕರೆದೊಯ್ದಿದ್ದಳು. ಪೂಜಾರಿ ಕರುಪ್ಪಯ್ಯ, ನನ್ನ ಅಪ್ಪನ ವಯಸ್ಸಿನವನು, ನನಗೆ ಪೆರಿಯಪ್ಪ ಎಂದರೆ ದೊಡ್ಡಪ್ಪನಂಥವನು, ‘ಒಂದು ವರ್ಷ ಅಂತ ಸೊಲ್ಲು’ ಎಂದ.

‘ಆರು ತಿಂಗಳು ಹಾಕ್ಕೋ ಪೆರಿಯಪ್ಪ.’

‘ಏನ್ಲಾ, ಸಾಮಿ ಹತ್ರಾನೂ ಯಾಪಾರ ಮಾಡ್ತೀಯಾ?’

‘ಆರು ತಿಂಗಳಾದ ಮೇಲೆ ಮತ್ತೆ ಬತ್ತೀನಿ. ಸಾಮಿಗೇನು ನಷ್ಟ?’

ಕರುಪ್ಪಯ್ಯ ನಕ್ಕುಬಿಟ್ಟ. ಈಶ್ವರಿ ನಗಲಿಲ್ಲ. ಹೀಗೆ ಆರಾರು ತಿಂಗಳಂತೆ ನಾಲ್ಕು ದಾರ, ಎರಡು ವರ್ಷ. ಒಂದು ಗುತ್ತಿಗೆ ಮುಗಿಯುವ ದಿನವೇ ಇನ್ನೊಂದು. ಸಲೀಸಾಗಿ ನಡೆಯಿತು.

ನಾಲ್ಕನೆಯದು ಮುಗಿದದ್ದು ಆಡಿಯ ಒಂದು ಗುರುವಾರ. ಗುಡ್ಡದ ಮೇಲಿಂದ ಜಿನುಗು ಮಳೆ ನಾಲ್ಕು ದಿನದಿಂದ ನಿಂತಿರಲಿಲ್ಲ; ದಾರ ನೆಂದು ಕೊಳೆತು ಚರ್ಮ ತುರಿಸುತ್ತಿತ್ತು. ಕರುಪ್ಪಯ್ಯ ಬೋಡಿಮೆಟ್ಟಿನ ಏಲಕ್ಕಿ ಎಸ್ಟೇಟಿನಲ್ಲಿದ್ದ ಮಗಳ ಮನೆಗೆ ಹೋಗಿದ್ದ. ಫೋನು ಮಾಡಿದರೆ, ‘ಸೋಮವಾರ ಬತ್ತೀನಪ್ಪಾ, ಅಂದೇ ಕಟ್ಟಿಬಿಡೋಣ’ ಎಂದ. ಸರಿ ಎಂದು ಗುರುವಾರ ಸಂಜೆ ನಾನೇ ಬ್ಲೇಡಿನಲ್ಲಿ ದಾರ ಕೊಯ್ದು ತೆಗೆದೆ.

ಶುಕ್ರವಾರ ಕಾಮಯಗೌಂಡನ್‌ಪಟ್ಟಿಯಲ್ಲಿ ಒಂದು ತೋಟ ಹಿಡಿದೆ. ಒಳ್ಳೆಯ ತೋಟ, ಒಳ್ಳೆಯ ಬೆಲೆ, ಒಳ್ಳೆಯ ರೈತ. ಚಹಾ ಕುಡಿದೆ. ದುಃಖ ಇರಲಿಲ್ಲ, ಜಗಳ ಇರಲಿಲ್ಲ, ಯಾರೂ ಕರೆಯಲಿಲ್ಲ. ಮಧ್ಯಾಹ್ನ ಹನ್ನೆರಡಾಗಿತ್ತು, ಬ್ರಾಂದಿ ಅಂಗಡಿಯ ಶಟರು ಆಗಷ್ಟೇ ಮೇಲೆ ಹೋಗಿತ್ತು. ಖಾಲಿ ಮಣಿಕಟ್ಟು ನೋಡಿಕೊಂಡೆ. ಸೋಮವಾರದವರೆಗೆ ನಾನು ಯಾರಿಗೂ ಮಾತು ಕೊಟ್ಟಿಲ್ಲವಲ್ಲ ಎಂಬ ಯೋಚನೆ ಬಂತು. ಹಳೆಯ ಗುತ್ತಿಗೆ ಮುಗಿದಿದೆ, ಹೊಸದಕ್ಕೆ ಇನ್ನೂ ಕೈ ಹಾಕಿಲ್ಲ, ನಡುವೆ ಇರುವ ನಾಲ್ಕು ದಿನ ಯಾರದ್ದು? ಇಷ್ಟು ಚೊಕ್ಕವಾಗಿ ಯೋಚಿಸಿದ್ದು ನೆನಪಿದೆ. ಯೋಚನೆ ಮೊದಲು ಬಂತೋ, ಕಾಲು ಮೊದಲು ತಿರುಗಿತೋ, ಅದು ಮಾತ್ರ ನೆನಪಿಲ್ಲ. ಎಷ್ಟು ಸಲ ಹಿಂದಕ್ಕೆ ಹೋಗಿ ನೋಡಿದರೂ ಆ ಜಾಗದಲ್ಲಿ ಮಂಜು.

ಸೋಮವಾರ ಗುಡಿಗೆ ಹೋದೆ. ಹೋದದ್ದು ನಿಜ, ಅಷ್ಟು ಮಟ್ಟಿಗೆ ಮಾತಿನವನು. ಕರುಪ್ಪಯ್ಯ ಹತ್ತಿರ ಬಂದವನು ಮೂಗು ಹಿಂದಕ್ಕೆ ಎಳೆದುಕೊಂಡ.

‘ಲೇ, ಏನ್ಲಾ ಇದು?’

‘ದಾರ ಇರ್ಲಿಲ್ವಲ್ಲ ಪೆರಿಯಪ್ಪ.’

‘ದಾರ ಇರ್ಲಿಲ್ಲಾಂದ್ರೆ ಬಾಯಿ ಇತ್ತಾ? ಹೋಗು. ಮೂರು ದಿನ ಸುದ್ಧವಾಗಿದ್ಕೊಂಡು ಬಾ. ಕುಡ್ದ ಮೈಗೆ ಕಟ್ಟೋಕಾಗಲ್ಲ.’

ಮೂರು ದಿನ! ಎರಡು ವರ್ಷ ಇದ್ದವನಿಗೆ ಮೂರು ದಿನ ಯಾವ ಲೆಕ್ಕ? ಆದರೆ ಬೆಳಿಗ್ಗೆ ಎದ್ದರೆ ಕೈ ನಡುಗುತ್ತಿತ್ತು. ನಡುಗುವ ಕೈ ನಿಲ್ಲಲು ಒಂದು ಗುಟುಕು, ಗುಟುಕು ಹೋದ ಮೇಲೆ ಆ ದಿನ ಹಾಳು, ನಾಳೆಯಿಂದ ಮೂರು ದಿನ. ದಾರ ಇಲ್ಲದೆ ನಿಲ್ಲಿಸಲಾರೆ, ನಿಲ್ಲಿಸದೆ ದಾರ ಕಟ್ಟುವುದಿಲ್ಲ. ಗಾಣದೆತ್ತಿನ ಹಾಗೆ ಇದರ ಸುತ್ತಲೇ ತಿರುಗಿದೆ. ಹೇಳಿದ ದಿನ ಕೊಯ್ಲಿಗೆ ಹೋಗದ್ದಕ್ಕೆ ಕಾಮಯಗೌಂಡನ್‌ಪಟ್ಟಿಯವನೂ ಸೇರಿ ಮೂವರು ರೈತರು ನನ್ನ ಕೈಬಿಟ್ಟರು.

ಆ ನಡುವೆಯೇ ನಮ್ಮ ತೋಟದ ಕವಾತು, ಬಳ್ಳಿ ಸವರುವ ಕೆಲಸ ಬಂತು. ಕವಾತಾಗಿ ನೂರಿಪ್ಪತ್ತು ದಿನಕ್ಕೆ ಹಣ್ಣು. ಬಳ್ಳಿಯ ಯಾವ ಚಿಗುರುಗಣ್ಣು ಬಿಡಬೇಕು, ಯಾವುದು ತೆಗೆಯಬೇಕು ಎಂಬುದರಲ್ಲೇ ಎಲ್ಲ ಇದೆ. ಕೂಲಿಯವರು ಬರುವ ಮೊದಲು ನಾನೇ ಕತ್ತರಿ ಹಿಡಿದು ಹೋದೆ, ನಾನು ಚೆನ್ನಾಗಿದ್ದೇನೆ ಎಂದು ಈಶ್ವರಿಗೆ ತೋರಿಸಲು. ಅವಳು ಬರುವಷ್ಟರಲ್ಲಿ ಎರಡು ಸಾಲು ಮೊಟಕು ಮಾಡಿ ಇಟ್ಟಿದ್ದೆ. ಒಂದೇ ಒಂದು ಹಣ್ಣಿನ ಕಣ್ಣು ಉಳಿದಿರಲಿಲ್ಲ. ಅವಳು ಬಳ್ಳಿಯ ತುದಿಯಲ್ಲಿ ತೊಟ್ಟಿಕ್ಕುತ್ತಿದ್ದ ನೀರನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ತಮಿಳಿನಲ್ಲಿ, ‘ಕತ್ರಿಯೆ ಕೀಳ ವೈಂಗ’ ಎಂದಳು. ಕತ್ತರಿ ಕೆಳಗಿಡಿ ಎಂದಷ್ಟೇ ಅದರ ಅರ್ಥ.

ಅವಳು ನನ್ನ ಅತ್ತೆಯ ಮಗಳು. ಹುಟ್ಟಿದಾಗಿನಿಂದ ನನಗೆ ‘ಮಾಮಾ, ಬಾ, ಹೋಗು’ ಎಂದವಳು. ಮೊದಲ ಗುಟುಕಿನ ದಿನದಿಂದಲೇ ‘ವಾಂಗ, ಪೋಂಗ’ ಶುರು ಮಾಡಿದ್ದಳು, ಬ್ಯಾಂಕಿನವರ ಜೊತೆ, ಗೊಬ್ಬರದ ಅಂಗಡಿಯವನ ಜೊತೆ ಆಡುವ ಮರ್ಯಾದೆಯ ತಮಿಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯುವುದರಲ್ಲಿ ಮಾತಾಡಲು ಜಾಗ ಇರುತ್ತದೆ.

ಅದಾದ ಐದನೆಯ ದಿನ ಹಟ ಹಿಡಿದು ಒಮ್ಮೆಗೇ ನಿಲ್ಲಿಸಿದೆ. ಮೂರು ದಿನ ಮಾಡಿಯೇ ಮಾಡುತ್ತೇನೆ ಎಂದು ತೋಟದ ಶೆಡ್ಡಿನಲ್ಲಿ ಮಲಗಿದೆ. ಮೊದಲ ದಿನ ಬೆವರು, ವಾಂತಿ. ಎರಡನೆಯ ದಿನ ಗೋಡೆಯ ಮೇಲೆ ಇರುವೆಗಳು, ಆಮೇಲೆ ಅದೇ ಇರುವೆಗಳು ನನ್ನ ತೋಳಿನ ಮೇಲೆ. ಎಷ್ಟು ಒರೆಸಿದರೂ ಹೋಗವು. ಮೂರನೆಯ ದಿನ ಬೆಳಿಗ್ಗೆ ಫಿಟ್ಸ್ ಬಂದು ಬಿದ್ದೆನಂತೆ. ನೀರಿನ ತೊಟ್ಟಿಯ ಅಂಚಿಗೆ ಬಾಯಿ ಬಡಿದು ಹಲ್ಲು ಹೋಯಿತು. ಈಶ್ವರಿಯೇ ನೋಡಿ ಜನ ಕೂಡಿಸಿ ಕಾರಿಗೆ ಹಾಕಿ ತೇನಿಗೆ ಒಯ್ದಳು. ಆಸ್ಪತ್ರೆಯಲ್ಲಿ ಐದು ದಿನ. ಹೀಗೆ ಒಮ್ಮೆಗೇ ನಿಲ್ಲಿಸಿದರೆ ಪ್ರಾಣವೇ ಹೋಗಬಹುದು, ಔಷಧ ಕೊಟ್ಟು ಇಳಿಸಬೇಕು ಎಂದು ಡಾಕ್ಟರು ಹೇಳಿದಾಗ ನನಗೆ ತಲೆ ಕೆಟ್ಟುಹೋಯಿತು. ಕುಡಿದರೂ ಸಾವು, ಬಿಟ್ಟರೂ ಸಾವಾ? ಹಾಗಾದರೆ ಸರಿಯಾದ ಬಾಗಿಲು ಯಾವುದು?

ಐದನೆಯ ದಿನ ಈಶ್ವರಿ ಮಂಚದ ಪಕ್ಕ ನಿಂತು ತನ್ನ ಮಾತು ಹೇಳಿದಳು. ತಮಿಳಿನಲ್ಲೇ ಹೇಳಿದ್ದು. ಇಲ್ಲಿಂದ ಸೀದಾ ದಿಂಡಿಗಲ್ಲಿನ ಕುಡಿತ ಬಿಡಿಸುವ ಮನೆಗೆ. ಅಲ್ಲಿಂದ ಬಂದ ಮೇಲೆ ತೋಟದ ಶೆಡ್ಡು. ಆ ದಿನ ಕೂಲಿಯವರು ಕವಾತು ಮಾಡಿದ ಉಳಿದ ಸಾಲುಗಳ ಹಣ್ಣು ಕೊಯ್ಯುವವರೆಗೆ ಒಂದು ತೊಟ್ಟೂ ಮುಟ್ಟದಿದ್ದರೆ ಮನೆಯೊಳಗೆ ಬರಬಹುದು, ವ್ಯಾಪಾರಕ್ಕೂ ಬರಬಹುದು. ಮುಟ್ಟಿದರೆ ಎರಡೂ ಇಲ್ಲ. ವ್ಯಾಪಾರ ಅವಳೇ ನೋಡಿಕೊಳ್ಳುತ್ತಾಳೆ.

ನೂರಿಪ್ಪತ್ತು ದಿನ. ಡ್ರಿಪ್ಸಿನ ಸೂಜಿ ಕೈಯಲ್ಲಿ ಇದ್ದ ಹಾಗೇ ಕೇಳಿದೆ, ‘ತೊಂಬತ್ತು ಮಾಡ್ಕೊಳ್ಳೋಕಾಗಲ್ವಾ?’

ಅವಳು ಫ್ಲಾಸ್ಕು ಎತ್ತಿಕೊಂಡು ಹೊರಗೆ ಹೋದಳು.

ಊರು ದಿಂಡಿಗಲ್ಲೇ ಇರಲಿ ಎಂದು ಮೊದಲೇ ಹೇಳಿದ್ದವನು ನಾನು. ತೇನಿಯಲ್ಲಿ ಬೀದಿಗೊಬ್ಬ ಪರಿಚಯದವನು. ಆ ಮನೆಯಲ್ಲಿ ನನ್ನ ಪಕ್ಕದ ಮಂಚ ಸವರಿಮುತ್ತುವಿನದು. ಕೈಯಲ್ಲೇ ಬೀಗ ಮಾಡುವ ಕಸುಬುದಾರ, ಐವತ್ತೈದರ ಆಸುಪಾಸು. ಅಲ್ಲಿಗೆ ಬಂದದ್ದು ಅದು ಆರನೆಯ ಸಲ. ಹಾಗಾಗಿ ಎಲ್ಲ ಗೊತ್ತು: ಗಂಜಿಗೆ ಉಪ್ಪು ಯಾರ ಹತ್ತಿರ ಕೇಳಬೇಕು, ನಿದ್ದೆ ಬಾರದಿದ್ದರೆ ಯಾವ ನರ್ಸಿಗೆ ಹೇಳಬೇಕು.

‘ನೀನು ಎಷ್ಟನೇ ತರಗತಿ?’ ಎಂದ ಮೊದಲ ದಿನ.

‘ಮೊದಲನೇದು.’

‘ಓ, ಅಡ್ಮಿಷನ್ ಈಗ್ಲಾ. ನಾನು ಫೇಲಾಗಿ ಫೇಲಾಗಿ ಇಲ್ಲೇ ಮೇಷ್ಟ್ರಾಗೋ ಹಾಗಿದೀನಿ.’

ಅವನ ತಮಿಳು ನಮ್ಮ ಕಣಿವೆಯ ತಮಿಳಿಗಿಂತ ಚುರುಕು. ನಾನು ಬರೆದದ್ದರಲ್ಲಿ ಅರ್ಧ ಖಾರ ಹೋಗಿದೆ. ನನಗೆ ಧೈರ್ಯ ಹೇಳಿದವನು ಅವನು. ಕೈ ನಡುಗಿದಾಗ ಲೋಟ ಹಿಡಿದವನು ಅವನು. ಅಲ್ಲಿನ ಡಾಕ್ಟರಮ್ಮ ದಿನವೂ ಎಲ್ಲರನ್ನೂ ವೃತ್ತವಾಗಿ ಕೂರಿಸಿ ಮಾತಾಡಿಸುತ್ತಿದ್ದರು. ‘ಮತ್ತೆ ಕುಡಿದ ದಿನ ಏನಾಯಿತು?’ ಎಂದು ನನ್ನನ್ನು ಕೇಳಿದರು. ನಾನು ಒಂದೊಂದೇ ಕಾರಣ ತೆಗೆದು ಮುಂದಿಟ್ಟೆ, ಗಿರಾಕಿಯ ಮುಂದೆ ಮಾದರಿ ಇಟ್ಟ ಹಾಗೆ. ದಾರ ಇರಲಿಲ್ಲ. ಮಳೆ ಇತ್ತು. ಖುಷಿ ಇತ್ತು. ಎರಡು ವರ್ಷದ ಧೈರ್ಯ ಇತ್ತು. ಅಪ್ಪನೂ ಕುಡಿಯುತ್ತಿದ್ದ. ಅವರು ಯಾವುದನ್ನೂ ಬೇಡ ಎನ್ನಲಿಲ್ಲ, ಯಾವುದನ್ನೂ ಕೊಳ್ಳಲೂ ಇಲ್ಲ. ‘ಇರಲಿ, ಇವತ್ತು ಊಟ ಸೇರಿತಾ?’ ಎಂದರು. ನನಗೆ ಸಿಟ್ಟು ಬಂತು. ಕಾರಣ ಸಿಗದೆ ಕಾಯಿಲೆ ಹೇಗೆ ಗುಣವಾದೀತು?

‘ಎರಡು ವರ್ಷ ಇದ್ನಲ್ಲ ಮೇಡಂ, ಅದೆಲ್ಲ ಹೋಯ್ತಾ?’

‘ಎಲ್ಲಿ ಹೋಗುತ್ತೆ? ಎರಡು ವರ್ಷ ಇರೋದು ಹೇಗೆ ಅಂತ ನಿಮಗೆ ಗೊತ್ತು. ಇಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ.’

ಸಮಾಧಾನವೋ, ಪಾಠವೋ ತಿಳಿಯಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಸ್ನಾನದ ಸಾಲಿನಲ್ಲಿ ಸವರಿಮುತ್ತು ತನ್ನ ಸೋಪನ್ನು ನನಗೆ ಕೊಟ್ಟ. ‘ಇಟ್ಕೋ, ನಂದು ಒಳ್ಳೇ ಕಂಪನಿದು’ ಎಂದ. ಹತ್ತು ಗಂಟೆಗೆ ತರಕಾರಿ ಗಾಡಿ ಬಂದು ಗೇಟು ತೆರೆದಾಗ ಹೊರಗೆ ನಡೆದವನು ಬರಲೇ ಇಲ್ಲ. ಹಿಂದಿನ ಸಂಜೆ ತಾನೇ ನನಗೆ, ‘ಮೂರನೇ ವಾರದಲ್ಲಿ ಹಗುರ ಆಗ್ತದೆ ತಂಬೀ, ಅಲ್ಲೀವರೆಗೂ ಹಲ್ಲು ಕಚ್ಕೊಂಡಿರು’ ಎಂದಿದ್ದ. ದಾರಿ ಅಷ್ಟು ಗೊತ್ತಿದ್ದವನು ಹೋದ. ಏನೂ ಗೊತ್ತಿಲ್ಲದ ನಾನು ಉಳಿದೆ. ಇದರಿಂದ ಏನು ಕಲಿಯಬೇಕು? ಈ ಸಲ ಬೀಗ ತರಲು ಹೋದಾಗ ನಾಲ್ಕು ಕಡೆ ವಿಚಾರಿಸಿದೆ. ಒಬ್ಬ ಬತ್ಲಗುಂಡಿನಲ್ಲಿ ಮಗನ ಮನೆಯಲ್ಲಿದ್ದಾನೆ ಎಂದ. ಇನ್ನೊಬ್ಬ ತಲೆ ಅಲ್ಲಾಡಿಸಿ ಕೈಯಲ್ಲಿದ್ದ ಬೀಗಕ್ಕೆ ಮತ್ತೆ ಅರ ಉಜ್ಜಿದ.

ಮರುದಿನ ನೋಡಲು ಬಿಡುವ ದಿನ. ಈಶ್ವರಿ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ನಾನು ಸವರಿಮುತ್ತುವಿನ ಖಾಲಿ ಮಂಚ ತೋರಿಸಿ ಏನೋ ಹೇಳಲು ಹೋದೆ. ಅಳು ಬಂತು, ಯಾರಿಗಾಗಿ ಎಂದು ಗೊತ್ತಿಲ್ಲ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಕಡೆ ನೋಡಿದಳು. ಆಮೇಲೆ ಮನೆಮಾತಿನಲ್ಲಿ, ‘ಮಾಮಾ, ಈ ನಾತದಲ್ಲಿ ಹೆಂಗೆ ಉಣ್ತೀಯ ನೀನು?’ ಎಂದಳು. ಅಷ್ಟೇ. ಆ ಸಂಜೆ ಮೂರು ಸಲ ಅನ್ನ ಹಾಕಿಸಿಕೊಂಡೆ.

ಊರಿಗೆ ಬಂದಾಗ ಬಳ್ಳಿಯಲ್ಲಿ ಹೂವು ಕಟ್ಟುತ್ತಿತ್ತು. ಶೆಡ್ಡಿನಲ್ಲಿ ನಾನು, ಚಾಪೆ, ಮಾತ್ರೆಯ ಡಬ್ಬಿ. ಕರುಪ್ಪಯ್ಯನೇ ತೋಟಕ್ಕೆ ಬಂದ. ಹಲ್ಲಿನ ಜಾಗ ನೋಡಿ ಚಾಪೆಯ ತುದಿಯಲ್ಲಿ ಕೂತ.

‘ನಂಗೆ ತೆರಿಯಲಿಲ್ಲಪ್ಪಾ. ಬಿಟ್ರೆ ಬಿದ್ದುಹೋಗ್ತಾರೇಂತ ನಂಗೆ ಯಾರೂ ಹೇಳ್ಲಿಲ್ಲ. ಈಗ ಬಂದೋರ್ನ ಮೊದ್ಲು ಕೇಳ್ತೀನಿ, ಎಷ್ಟು ಕುಡೀತೀಯಾಂತ. ಜಾಸ್ತಿ ಅಂದ್ರೆ ಮೊದ್ಲು ಡಾಕ್ಟ್ರು, ಆಮೇಲೆ ಸಾಮಿ. ನಿಂಗೆ ಎಷ್ಟು ತಿಂಗಳಿಗೆ ಕಟ್ಲಿ?’

‘ತಿಂಗಳು ಹೇಳ್ದೆ ಕಟ್ಟು.’

‘ಹಂಗೆ ವಾಡಿಕೆ ಇಲ್ಲಲ್ಲೋ. ಸಾಮಿಗೆ ಒಂದು ಗಡುವು ಸೊಲ್ಲಬೇಕು.’

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ವಾರಗಟ್ಟಲೆ ಒದ್ದಾಡಿದೆ. ಬರಿಗೈ ನೋಡಿದವರು ಕುಡಿಯಲು ಕರೆಯುತ್ತಿದ್ದರು. ಪ್ರತಿ ಸಲವೂ ನಾನೇ ಬಾಯಿಬಿಟ್ಟು ಬೇಡ ಎನ್ನಬೇಕು. ಬೆಲೆ ಮಾತಾಡುವಾಗ ನೂರು ಸಲ ಸುಲಭವಾಗಿ ಬರುವ ಆ ಪದವನ್ನು ಅಲ್ಲಿ ಎರಡೆರಡು ಸಲ ಹೇಳಬೇಕಾಗುತ್ತಿತ್ತು. ಒಂದೊಂದು ದಿನ ಅಂಗಡಿ ಕಡೆಯ ದಾರಿ ಬಿಟ್ಟು ಒಂದೂವರೆ ಮೈಲಿ ಸುತ್ತಿ ನಡೆದೆ. ಕಾಯಿ ಬಣ್ಣ ತಿರುಗಿತು. ಮೊಟಕಾದ ಎರಡು ಸಾಲು ಬರೀ ಎಲೆ ಬಿಟ್ಟುಕೊಂಡು ಸೊಂಪಾಗಿ ನಿಂತಿತ್ತು, ನೋಡಿದವರು ಅದೇ ಚೆನ್ನಾಗಿದೆ ಎನ್ನುವ ಹಾಗೆ.

ಕಾರ್ತಿಗೈ ತಿಂಗಳಲ್ಲಿ ಕೊಯ್ಲಿನ ದಿನ ಬಂತು. ಮೋಡ ಕಟ್ಟಿತ್ತು, ಮಳೆ ಬಿದ್ದರೆ ಹಣ್ಣು ಸೀಳುತ್ತದೆ, ಮಧ್ಯಾಹ್ನದೊಳಗೆ ಮುಗಿಸಬೇಕು. ಕೂಲಿಯವರು ಗೊಂಚಲು ಕತ್ತರಿಸಿ ಕ್ರೇಟಿಗೆ ಇಡುತ್ತಿದ್ದರು. ನಾನು ಗೆದ್ದಿದ್ದೆ, ಅಲ್ಲವೇ? ಒಂದು ತೊಟ್ಟೂ ಮುಟ್ಟಿರಲಿಲ್ಲ. ಆದರೆ ಬೆಳಿಗ್ಗೆಯಿಂದ ಕೊಯ್ಯಲು ಉಳಿದ ಸಾಲುಗಳನ್ನು ಎಣಿಸುತ್ತಿದ್ದೆ. ಹಣ್ಣು ಮುಗಿದರೆ ಗಡುವು ಮುಗಿಯಿತು. ಸಂಜೆಯಿಂದ ನಾನು ಯಾರಿಗೂ ಮಾತು ಕೊಟ್ಟವನಲ್ಲ. ಅದೇ ಯೋಚನೆ ಮತ್ತೆ ಬಂದು ಪಕ್ಕದಲ್ಲಿ ಕೂತಿತ್ತು. ಹನ್ನೆರಡು ಗಂಟೆಗೆ ಶಟರು ಮೇಲೆ ಹೋಗುತ್ತದೆ ಎಂದು ಮೈಗೆ ಗೊತ್ತಿತ್ತು.

ಹನ್ನೊಂದೂವರೆಗೆ ಈಶ್ವರಿಯ ಹತ್ತಿರ ಹೋದೆ. ತಕ್ಕಡಿಯ ಪಕ್ಕ ಕ್ರೇಟಿನ ಮೇಲೆ ಕಾಗದ ಹಾಸುತ್ತಿದ್ದಳು.

‘ಈಶ್ವರೀ, ನಂಗೆ ಭಯ ಆಗ್ತದೆ.’

‘ಯಾತಕ್ಕೆ?’

‘ಇವತ್ತಿಗೆ ಗಡುವು ಮುಗೀತದಲ್ಲ. ಕಾಲು ಅತ್ಲಾಗೆ ಹೋಗಿಬಿಡ್ತದೇನೋ ಅನ್ನಿಸ್ತದೆ.’

ಅವಳ ಕೈ ಕಾಗದದ ಮೇಲೇ ನಿಂತಿತು. ‘ಎಷ್ಟೊತ್ತಿಂದ?’

‘ಎದ್ದಾಗಿಂದ.’

‘ಆಗ್ಲೇ ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನೀ ಗಡುವು ಜಾಸ್ತಿ ಮಾಡ್ತೀಯಾಂತ.’

ಅವಳು ನಕ್ಕಳು. ಕೂಲಿಯವರು ತಿರುಗಿ ನೋಡುವಷ್ಟು ಜೋರಾಗಿ, ಕಣ್ಣಲ್ಲಿ ನೀರು ಬರುವವರೆಗೆ. ‘ಅಯ್ಯೋ ಮಾಮಾ, ಸತ್ರೂ ಯಾಪಾರ ಬಿಡಲ್ಲ ನೀನು’ ಎಂದಳು. ಆಮೇಲೆ ಕಾಗದವನ್ನು ಕೂಲಿಯವಳ ಕೈಗೆ ಕೊಟ್ಟು, ಫೋನು ತೆಗೆದು ದಿಂಡಿಗಲ್ಲಿನ ನಂಬರಿಗೆ ಹಚ್ಚಿ ನನ್ನ ಕಿವಿಗೆ ಹಿಡಿದಳು. ಡಾಕ್ಟರಮ್ಮನ ಜೊತೆ ಹತ್ತು ನಿಮಿಷ ಮಾತಾಡಿದೆ. ಮುಗಿಯುವಷ್ಟರಲ್ಲಿ ಲೋಡಿನ ಗಾಡಿ ನಿಂತಿತ್ತು. ಈಶ್ವರಿ ಮುಂದಿನ ಸೀಟಿನಲ್ಲಿ ಕೂತು ಜಾಗ ತಟ್ಟಿ, ‘ಏರು, ಕುಮಳಿಗೆ ನಾನೂ ಬತ್ತೀನಿ’ ಎಂದಳು. ಹನ್ನೆರಡು ಗಂಟೆಗೆ ನಾವು ಘಟ್ಟದ ಮೂರನೆಯ ತಿರುವಿನಲ್ಲಿ ಇದ್ದೆವು.

ಸಂಜೆ ಬಂದಾಗ ಶೆಡ್ಡಿನ ಚಾಪೆಯನ್ನು ಅವಳೇ ಸುರುಳಿ ಸುತ್ತಿ ತಂದು ಮನೆಯ ನಡುಮನೆಯಲ್ಲಿ ಹಾಕಿದಳು. ನಾನು ತಡೆಯಲಾರದೆ, ‘ಇನ್ನು ಎಷ್ಟು ದಿನಕ್ಕೆ?’ ಎಂದೆ.

‘ಅದನ್ನ ಕೇಳೋದು ಬಿಡು. ನಾಳೆ ಆರಕ್ಕೆ ಏಳು, ಕಾಮಯಗೌಂಡನ್‌ಪಟ್ಟಿಗೆ ಹೋಗ್ಬೇಕು. ಆ ರೈತನ ಹತ್ರ ಮಾತು ನಾನು ಆಡ್ತೀನಿ, ನೀ ಹಣ್ಣು ನೋಡು.’

ಅಂದಿನಿಂದ ಇಂದಿನವರೆಗೆ ಮುಟ್ಟಿಲ್ಲ. ನಾಳೆಯ ಮಾತು ಹೇಳುವುದಿಲ್ಲ.

ಓದುತ್ತಿರುವವರಲ್ಲಿ ಯಾರಾದರೂ ಬಿಟ್ಟು ಮತ್ತೆ ಹಿಡಿದವರಿದ್ದರೆ, ನನ್ನಿಂದ ಪುಕ್ಕಟೆ ತೆಗೆದುಕೊಳ್ಳಿ. ದಿನವೂ ಕುಡಿಯುತ್ತಿದ್ದರೆ ಮನೆಯಲ್ಲಿ ಒಬ್ಬರೇ ಬಾಗಿಲು ಹಾಕಿಕೊಂಡು ಒಮ್ಮೆಗೇ ನಿಲ್ಲಿಸುವ ಶೌರ್ಯ ಬೇಡ. ಕೈ ನಡುಗಿ, ಬೆವರಿ, ಇಲ್ಲದ್ದು ಕಂಡರೆ ಅದು ಹಟದಿಂದ ಹೋಗುವ ಕಾಯಿಲೆಯಲ್ಲ, ಆಸ್ಪತ್ರೆಗೆ ಹೋಗಿ. ದೇವರಿಗೆ ಮಾತು ಕೊಡುವವರು ಕೊಡಿ, ನನ್ನ ತಕರಾರಿಲ್ಲ, ಆದರೆ ಅದು ಮುಗಿಯುವ ದಿನ ಯಾರ ಜೊತೆ ಇರುತ್ತೀರಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಆಸೆ ಹುಟ್ಟಿದ್ದನ್ನು ಒಬ್ಬರಿಗೆ ಹೇಳಿ. ಹೇಳಿದರೆ ಮಾನ ಹೋಗುತ್ತದೆ ಅನ್ನಿಸುತ್ತದೆ, ಹೋಗುವುದಿಲ್ಲ. ಯಾಕೆ ಕುಡಿದೆ ಎಂಬುದು ಗೊತ್ತಾದ ಮೇಲೆ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಕಾಯಬೇಡಿ, ನನಗೆ ಇನ್ನೂ ಗೊತ್ತಾಗಿಲ್ಲ. ನಾಲ್ಕು ದಿನ ಸುಧಾರಿಸಿಕೊಂಡು, ತಲೆಗೆ ಸ್ನಾನ ಮಾಡಿ, ಒಳ್ಳೆಯ ಅಂಗಿ ಹಾಕಿಕೊಂಡು ಹೋಗೋಣ ಎಂದೂ ಕಾಯಬೇಡಿ. ಜೊತೆಗೊಬ್ಬರನ್ನು ಕರೆದುಕೊಂಡು ಇವತ್ತೇ ಬಸ್ಸು ಹತ್ತಿ. ಬಾಯಿ ನಾರುತ್ತಿದ್ದರೂ ಹತ್ತಿ. ಪಕ್ಕದ ಸೀಟಿನವನು ಬೇಕಾದರೆ ಎದ್ದು ನಿಲ್ಲಲಿ.